ದೊರೆಯ ಬಾಯಿ

ಮಂಗಳವಾರ, ಮಾರ್ಚ್ ಹದಿನಾಲ್ಕು
ಬೆಳಿಗ್ಗೆ ಹತ್ತು ಗಂಟೆ

ನನ್ನ ತಂಗಿ ಸೂಜಿಗೆ,

ನಿನ್ನ ಅಣ್ಣ ಡಂಗುರನಿಂದ ಆಶೀರ್ವಾದವೋ ನಮಸ್ಕಾರವೋ, ನಿನಗೆ ಯಾವುದು ಬೇಕೋ ಅದನ್ನು ತೆಗೆದುಕೋ. ಹತ್ತೊಂಬತ್ತು ವರ್ಷದ ಮೇಲೆ ಬರೆಯುತ್ತಿರುವ ಕಾಗದವಿದು. ನಿಂತಿದ್ದರೆ ಕುಳಿತುಕೋ. ಹೊಲಿಗೆ ಯಂತ್ರದ ಮುಂದೆ ಕುಳಿತೇ ಓದುತ್ತಿದ್ದರೆ ತುಳಿಯುವುದನ್ನು ನಿಲ್ಲಿಸು, ಬೆರಳಿಗೆ ಚುಚ್ಚಿಸಿಕೊಂಡೀಯೆ. ಯಾರೂ ಸತ್ತಿಲ್ಲ. ಆದರೆ ಶನಿವಾರ ಈ ಮನೆಯ ನಡುಕೋಣೆಯಲ್ಲಿ ಸಿಡಿಲು ಬಿದ್ದಿದೆ.

ದೊರೆ ಮಾತಾಡಿದ.

ಹೌದು, ನಮ್ಮ ತಮ್ಮ ದೊರೆ. ಹುಟ್ಟಿದಂದಿನಿಂದ ಕೈಕಾಲು ಹೇಳಿದ ಮಾತು ಕೇಳದೆ, ನಾಲಿಗೆ ತಿರುಗದೆ, ನಲವತ್ನಾಲ್ಕು ವರ್ಷ ಗಾಲಿಕುರ್ಚಿಯ ಸಿಂಹಾಸನದಲ್ಲೇ ಕುಳಿತ ದೊರೆ. ಕಣ್ಣು ಮೇಲೆತ್ತಿದರೆ ಹೌದು, ಮುಖ ಎಡಕ್ಕೆ ಹೊರಳಿಸಿದರೆ ಇಲ್ಲ, ಮಿಕ್ಕಿದ್ದಕ್ಕೆಲ್ಲ ಒಂದು ಉದ್ದನೆಯ "ಆಂ". ಆ "ಆಂ"ಗೆ ಅರ್ಥ ಹೇಳುವವನು ನಾನು. ಅಪ್ಪನ ನಾಟಕ ಮಂಡಳಿಯಲ್ಲಿ ನನಗೆ ರಾಜನ ಪಾತ್ರ, ಮನೆಯಲ್ಲಿ ರಾಜನ ವಂದಿಮಾಗಧನ ಪಾತ್ರ. ಬಂದವರು ಅವನನ್ನು ಹೇಗಿದ್ದೀಯಪ್ಪ ಎಂದು ಕೇಳಿದರೆ ನಾನು ಎದೆಯುಬ್ಬಿಸಿ, ದೊರೆಗಳು ಇಂದು ಪ್ರಸನ್ನರಾಗಿದ್ದಾರೆ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ ಎಂದು ನಾನೇ ಅರ್ಥ ಹೇಳುತ್ತಿದ್ದೆ.

ಎರಡು ತಿಂಗಳ ಹಿಂದೆ ಅವನಿಗೆ ನೀರು ಕುಡಿದಾಗಲೆಲ್ಲ ನೆತ್ತಿಗೇರುವುದು ಶುರುವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಬೇರೊಂದು ಕೋಣೆಗೆ ಕಳಿಸಿದರು. ನುಂಗುವುದು, ಮಾತಾಡುವುದು, ಎರಡನ್ನೂ ಕಲಿಸುವ ಒಬ್ಬ ಮೇಡಂ ಅಲ್ಲಿದ್ದರು. ಎತ್ತರ ನನ್ನ ಮೊಣಕೈಯಷ್ಟು, ದನಿ ಇರುವೆಯದು. ಆಕೆ ದೊರೆಯನ್ನು ಒಂದು ಪ್ರಶ್ನೆ ಕೇಳಿದರು, ನಾನು ಉತ್ತರ ಕೊಟ್ಟೆ. ಇನ್ನೊಂದು ಕೇಳಿದರು, ಅದಕ್ಕೂ ಕೊಟ್ಟೆ. ಮೂರನೆಯದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಬಸ್ಸು ನಿಲ್ಲಿಸುವವರ ಹಾಗೆ ನನ್ನ ಮುಖದೆದುರು ಅಂಗೈ ಹಿಡಿದರು.

"ಸರ್, ನಾನು ಅವರನ್ನ ಕೇಳ್ತಿದೀನಿ."

ನಾನು ಗುಡುಗಿದರೆ ಮೂರು ಬೀದಿ ಕೇಳಿಸುತ್ತದೆ ಎಂದು ಅಮ್ಮ ನನಗೆ ಡಂಗುರ ಎಂದು ಹೆಸರಿಟ್ಟದ್ದು ನಿನಗೆ ಗೊತ್ತಲ್ಲ. ಆ ಪುಟ್ಟ ಅಂಗೈ ಮುಂದೆ ಡಂಗುರ ಹರಿದುಹೋಯಿತು.

ಆಕೆ ಒಂದು ಟ್ಯಾಬ್ಲೆಟ್ ತಂದರು. ಶಾಲೆಯ ಸ್ಲೇಟಿನಷ್ಟು ಅಗಲದ ಗಾಜಿನ ಹಲಗೆ. ಚಿತ್ರ ಒತ್ತಿದರೆ ಅದಕ್ಕೆ ತುಂಬಿಟ್ಟ ಮಾತು ಹೊರಗೆ ಬರುತ್ತದೆ, ಅಕ್ಷರ ಜೋಡಿಸಿ ಒತ್ತಿದರೆ ಅದೇ ಓದಿ ಹೇಳುತ್ತದೆ. ಕೈ ನಡುಗಿ ಪಕ್ಕದ ಅಕ್ಷರಕ್ಕೆ ತಾಗದಿರಲೆಂದು ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ಅಕ್ಷರಕ್ಕೊಂದು ತೂತು. ದೊರೆಯ ಎಡಗೈಯ ಬೆರಳಗೆಣ್ಣು ಆ ತೂತಿನಲ್ಲಿ ಸರಿಯಾಗಿ ಕೂರುತ್ತದೆ. ನಾನಿರುವಾಗ ಇವನಿಗೆ ಯಂತ್ರ ಯಾಕೆ ಎಂದು ಕೇಳಿದೆ. ನೀವು ಮನೆಯಲ್ಲಿಲ್ಲದಾಗ ಎಂದರು. ನಾನು ಯಾವಾಗಲೂ ಇರುತ್ತೇನೆ ಎಂದೆ. ಅದಕ್ಕೇ ಎಂದರು.

ಆಗಲಿ, ಯಂತ್ರವಾದರೂ ನನ್ನ ಕಂಠದಲ್ಲೇ ಮಾತಾಡಲಿ ಎಂದು ಹಟ ಹಿಡಿದೆ. ಚಿತ್ರಗಳಿಗೆ ನಮ್ಮದೇ ದನಿ ತುಂಬಬಹುದಂತೆ. ಪ್ರತಿಧ್ವನಿ ಚೆನ್ನಾಗಿ ಬರಲೆಂದು ಮೂರು ದಿನ ಬಚ್ಚಲುಮನೆಯಲ್ಲಿ ಕುಳಿತು ಇನ್ನೂರು ಮಾತು ತುಂಬಿದೆ. ಬಾಯಾರಿಕೆಯನ್ನು ರಣರಂಗದಲ್ಲಿ ಬಿದ್ದ ಸೇನಾಪತಿಯ ಹಾಗೆ ಹೇಳಿದೆ. ಬಾಗಿಲು ಮುಚ್ಚಿ ಎಂಬುದನ್ನು ಕೋಟೆಯ ಬುರುಜಿನ ಮೇಲೆ ನಿಂತವನ ಹಾಗೆ ಹೇಳಿದೆ. ನಿನ್ನ ಅತ್ತಿಗೆ ಹೊರಗೆ ಬಕೆಟ್ ಹಿಡಿದು ನಿಂತು, ಯುದ್ಧ ಮುಗಿದರೆ ನಾನೂ ಸ್ನಾನ ಮಾಡಬೇಕು ಎಂದು ಬಾಗಿಲು ತಟ್ಟುತ್ತಿದ್ದಳು.

ದೊರೆ ಇನ್ನೂರನ್ನೂ ಒಂದೊಂದಾಗಿ ಕೇಳಿದ. ಮೆಚ್ಚಿದ ಎಂದುಕೊಂಡೆ. ಆಮೇಲೆ ಮೇಡಂ, ಇದೇ ದನಿ ಇರಲೇ ಎಂದು ಕೇಳಿದರು. ಅವನ ಮುಖ ಎಡಕ್ಕೆ ಹೋಯಿತು. ಆಕೆ ಮತ್ತೊಮ್ಮೆ ಕೇಳಿದರು, ಮುಖ ಮತ್ತೆ ಎಡಕ್ಕೇ. ಇನ್ನೂರೂ ಅಳಿಸಿಹೋದವು. ಅವನು ಆರಿಸಿಕೊಂಡದ್ದು ಯಂತ್ರದೊಳಗಿನ ಒಬ್ಬ ಗಂಡಸಿನ ದನಿ. ಉಪ್ಪಿಲ್ಲ, ಹುಳಿಯಿಲ್ಲ. ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದಾಗ, ಹಲ್ಲುನೋವಿನ ದಿನ ನಾನು ಹೇಳುತ್ತಿದ್ದೆನಲ್ಲ, ಹಾಗೆ. ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಯಾರೂ ಯಾಕೆ ಎಂದು ಕೇಳಲೂ ಇಲ್ಲ.

ಮುಂದಿನದು ಕೇಳು. ಅವನಿಗೆ ಚಿತ್ರಗಳೇ ಸಾಕಾಗಬಹುದು ಎಂದು ಮೇಡಂ ಅಂದುಕೊಂಡಿದ್ದರು. ಅವನು ಚಿತ್ರಗಳನ್ನು ಬದಿಗೆ ಸರಿಸಿ ಅಕ್ಷರಗಳಿಗೆ ಹೋದ. ಮೊದಲನೆಯ ವಾಕ್ಯಕ್ಕೆ ಹನ್ನೊಂದು ನಿಮಿಷ. ಅಷ್ಟರಲ್ಲಿ ನಾನು ನಾಲ್ಕು ಸಲ ವಾಕ್ಯ ಪೂರ್ತಿ ಮಾಡಲು ಹೋದೆ, ನಾಲ್ಕು ಸಲವೂ ಆ ಅಂಗೈ ಎದ್ದಿತು. ಕೊನೆಗೆ ಯಂತ್ರ ಹೇಳಿತು:

"ಟೀಗೆ ಸಕ್ಕರೆ ಬೇಡ."

ಮೂವತ್ತು ವರ್ಷದಿಂದ ನಾನು ಅವನಿಗೆ ಮೂರು ಚಮಚ ಹಾಕುತ್ತಿದ್ದೇನೆ, ಸೂಜಿ. ಅವನು ಮುಖ ಸಿಂಡರಿಸಿದರೆ ಸಾಲದಂತೆ ಎಂದು ಇನ್ನರ್ಧ ಹಾಕುತ್ತಿದ್ದೆ. ನಿನ್ನ ಅತ್ತಿಗೆ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ, ಅದನ್ನೂ ತಪ್ಪಾಗಿಯೇ ಅರ್ಥ ಮಾಡಿಕೊಂಡೆ.

ಅಕ್ಷರ ಯಾರು ಕಲಿಸಿದ್ದು ಎಂದು ಕೇಳಿದೆ. ಎರಡೇ ಅಕ್ಷರ ಒತ್ತಿದ: ಅಕ್ಕ. ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ಅವನ ಕುರ್ಚಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅವನ ಬೆರಳು ಹಿಡಿದು ತಿದ್ದಿಸುತ್ತಿದ್ದೆಯಲ್ಲ. ನಾವೆಲ್ಲ ಹುಡುಗಾಟ ಎಂದುಕೊಂಡಿದ್ದೆವು. ನೀನು ಓದಲೆಂದು ಹಾಸ್ಟೆಲ್ಲಿಗೆ ಹೋದ ಮೇಲೆ, ನಾನು ಮಾತು ಬಾಯಿಪಾಠ ಮಾಡಲು ನಾಟಕದ ಪ್ರತಿಯನ್ನು ಅದೇ ಹಲಗೆಯ ಮೇಲೆ ಹರಡುತ್ತಿದ್ದೆ. ಅವನು ಓದುತ್ತಿದ್ದನಂತೆ. ಪ್ರತಿ ಪುಟ, ಪ್ರತಿ ಸಾಲು. ಇದನ್ನು ಹೇಳಿ, ಅವನು ಉಸಿರು ತೆಗೆದುಕೊಂಡು ಮತ್ತೆ ಒತ್ತತೊಡಗಿದ.

"ನೀನು ಎರಡನೇ ಅಂಕದಲ್ಲಿ ಮಾತು ನುಂಗ್ತಿದ್ದೆ. ಇಲ್ಲದ ಮಾತು ಸೇರಿಸ್ತಿದ್ದೆ."

ಸಭೆಯ ಮುಂದೆ ಕಿರೀಟ ಬಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನೀನು ಇಷ್ಟು ದಿನ ಯಾಕೋ ಹೇಳಲಿಲ್ಲ ಎಂದು ಕೂಗಿಬಿಟ್ಟೆ, ಪ್ರಶ್ನೆಯ ಮೂರ್ಖತನ ಹೊಳೆಯುವ ಮೊದಲೇ. ಅವನು ಶಾಂತವಾಗಿ ಇನ್ನೂ ಒಂದು ಮಾತು ಹೇಳಿಸಿದ: "ನಾನು ಮೂಕ. ಕಿವುಡ ಅಲ್ಲ."

ಇಷ್ಟಾದರೂ ಇದು ನಗುವ ಕಥೆಯೇ ಆಗಿತ್ತು. ಶನಿವಾರದವರೆಗೆ.

ಶನಿವಾರ ಬೆಳಿಗ್ಗೆ ನಿನ್ನ ಪಾರ್ಸೆಲ್ ಬಂತು. ಪ್ರತಿ ವರ್ಷದ ಹಾಗೆ ಕಂದು ಕಾಗದ, ಒಳಗೆ ಒಂದು ಶರ್ಟು, ಕಾಗದವಿಲ್ಲ. ಗುಂಡಿಯ ಬದಲು ಒತ್ತುಗುಂಡಿ, ಬಗ್ಗದ ಬಲಗೈಗಾಗಿ ಆ ತೋಳು ಮಾತ್ರ ಅಗಲ. ಈ ಸಲ ತಿಳಿನೀಲಿ. ನಾನು ಎಂದಿನಂತೆ ಹೊಸ ಶರ್ಟು ಬಂತು ದೊರೆ ಎಂದು ತೊಡಿಸಿದೆ. ಎಲ್ಲಿಂದ ಎಂದು ಹೇಳಲಿಲ್ಲ. ಯಾವತ್ತೂ ಹೇಳಿಲ್ಲ, ಸೂಜಿ. ನಿನ್ನ ಹೆಸರೆತ್ತಿದರೆ ಅವನಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅವನು ಟ್ಯಾಬ್ಲೆಟ್ಟಿನ ಕಡೆ ನೋಡಿದ. ಕುರ್ಚಿಯ ಹಲಗೆಗೆ ಸಿಕ್ಕಿಸಿ ಎದುರು ಕುಳಿತೆ. ಹದಿನೇಳು ನಿಮಿಷ. ನಾನು ಬಾಯಿ ತೆರೆಯಲಿಲ್ಲ, ಅಷ್ಟು ಕಲಿತಿದ್ದೆ. ಸಕ್ಕರೆಯದೋ ನಾಟಕದ್ದೋ ಇನ್ನೊಂದು ತಮಾಷೆ ಬರುತ್ತದೆ ಎಂದು ಮುಗುಳ್ನಗುತ್ತ ಕಾಯುತ್ತಿದ್ದೆ. ಆ ಉಪ್ಪಿಲ್ಲದ ದನಿ ಹೇಳಿತು:

"ಶರ್ಟ್ ಬರುತ್ತೆ. ಅಕ್ಕ ಯಾಕೆ ಬರಲ್ಲ?"

ಹತ್ತೊಂಬತ್ತು ಶರ್ಟುಗಳ ಹೊಲಿಗೆಯನ್ನು ಅವನು ಗುರುತು ಹಿಡಿದಿದ್ದ. ಅಕ್ಕನಿಗೆ ಅಂಗಡಿ, ಕೆಲಸ, ದೂರದೂರು ಎಂದು ಏನೇನೋ ಗೊಣಗಿದೆ. ಅವನು ನನ್ನ ಮುಖ ನೋಡುತ್ತಲೇ ಗೆಣ್ಣು ಎತ್ತಿದ. ಒಂಬತ್ತು ನಿಮಿಷ.

"ನಾನು ಬರ್ತೀನಿ ಅಂದಿದ್ದೆ."

ಆ ಫೋನು ನಿನಗೆ ನೆನಪಿರಲೇಬೇಕು. ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ನೀನು ನಿನ್ನೂರಿನಲ್ಲಿ ಹೊಲಿಗೆ ಅಂಗಡಿ ಹಾಕಿ, ಮನೆಯ ಮುಂದಿನ ಮೆಟ್ಟಿಲು ಒಡೆಸಿ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಮಾಡಿಸಿದ್ದೆ. ಅವನನ್ನು ನನ್ನ ಹತ್ತಿರ ಕಳಿಸು ಅಣ್ಣಾ, ಆದರೆ ನೀನೇ ತೀರ್ಮಾನ ಮಾಡಬೇಡ, ಅವನನ್ನು ಕೇಳಿ ಹೇಳು ಎಂದೆ. ನಾನು ಗಟ್ಟಿಯಾಗಿ ಕೇಳಿದೆ. ನಿನಗೆ ಕೇಳಿಸಲೆಂದು ರಿಸೀವರನ್ನು ಅವನ ಬಾಯಿಯ ಹತ್ತಿರ ಹಿಡಿದೆ. ಅವನು "ಆಂ" ಎಂದ, ಉದ್ದಕ್ಕೆ. ಫೋನಿನಲ್ಲಿ ನಿನಗೆ ಅವನ ಕಣ್ಣು ಕಾಣುವುದಿಲ್ಲವಲ್ಲ. ನಾನು ಅರ್ಥ ಹೇಳಿದೆ:

"ಬರಲ್ವಂತೆ. ಬಿಟ್ಟು ಹೋದವಳು ಈಗ ಕರೆಯೋದು ಬೇಡ ಅಂತಾನೆ."

ನೀನು ಫೋನ್ ಇಟ್ಟುಬಿಟ್ಟೆ. ಒಂದು "ಆಂ"ನೊಳಗೆ ಅಷ್ಟು ಮಾತು ಹೇಗೆ ಹಿಡಿಸಿತು ಎಂದು ನೀನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಎಂದೂ ಕೇಳಿದವರಲ್ಲ. ಆಮೇಲೆ ನಿನ್ನಿಂದ ಒಂದೇ ಕಾಗದ ಬಂತು, ಅವನಿಗೆ ನನ್ನ ಮೇಲೆ ಇಷ್ಟು ಸಿಟ್ಟಿರುವಾಗ ಎದುರಿಗೆ ಬಂದು ನೋಯಿಸುವುದಿಲ್ಲ ಎಂದು. ಆಮೇಲೆ ಬರೀ ಶರ್ಟುಗಳು.

ಬಿಟ್ಟು ಹೋದವಳು ಎಂಬ ಎರಡನೆಯ ಮಾತು ನನ್ನದು. ಒಪ್ಪಿಕೊಳ್ಳುತ್ತೇನೆ. ದೃಶ್ಯಕ್ಕೆ ಕಳೆ ಬರಲೆಂದು ನಾಲಿಗೆಗೆ ತಾನಾಗಿ ಬಂತು, ಆಡಿಬಿಟ್ಟೆ. ಆದರೆ ಮೊದಲನೆಯದರಲ್ಲಿ ಮೋಸವಿರಲಿಲ್ಲ. ಅವನ ಮುಖ ಎಡಕ್ಕೆ ಹೊರಳಿತು ಎಂದೇ ನನಗೆ ಕಂಡದ್ದು. ಕತ್ತು ಎಳೆಯುವುದು ಅವನಿಗೆ ಇದ್ದದ್ದೇ, ಕಿಟಕಿಯ ಬೆಳಕು ಬೇರೆ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ತಪ್ಪು ತಿಳಿದುಕೊಂಡೆ, ಅಷ್ಟೇ.

ಅವತ್ತಿನಿಂದ ಅವನು ದಿನವೂ ಬಾಗಿಲು ನೋಡುತ್ತಿದ್ದ. ದೊರೆಗಳಿಗೆ ನಗರ ಸಂಚಾರದ ಮನಸ್ಸಾಗಿದೆ ಎಂದು ನಾನು ಸಾರಿ, ಕುರ್ಚಿ ತಳ್ಳಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದೆ. ಹತ್ತೊಂಬತ್ತು ವರ್ಷ, ಒಂದು ಸಂಜೆಯನ್ನೂ ಬಿಡದೆ. ಎಂಥ ಅಣ್ಣ ಎಂದು ಬೀದಿಯವರು ಹೊಗಳುತ್ತಿದ್ದರು.

ಶನಿವಾರದಿಂದ ಅವನು ನನ್ನ ಜೊತೆ ಟೀ, ನೀರು, ಕಿಟಕಿ ಬಿಟ್ಟು ಬೇರೆ ಮಾತಾಡಿಲ್ಲ. ಮಾತು ಬಾರದೆ ಸುಮ್ಮನಿರುವುದು ಒಂದು, ಮಾತು ಬಂದ ಮೇಲೆ ಸುಮ್ಮನಿರುವುದು ಇನ್ನೊಂದು. ಎರಡನೆಯದರ ಎದುರು ಕುಳಿತು ಕಾಗದ ಬರೆಯುವುದು ಎಷ್ಟು ಕಷ್ಟವೆಂದು ನಿನಗೆ ಹೇಗೆ ಹೇಳಲಿ.

ಬಾ, ಸೂಜಿ. ಇಳಿಜಾರು ಇನ್ನೂ ಇದ್ದರೆ ಅವನನ್ನು ಕರೆದುಕೊಂಡು ಹೋಗು. ಇಲ್ಲದಿದ್ದರೂ ಒಮ್ಮೆ ಬಾ. ಅವನನ್ನೇ ಕೇಳು. ನಾನು ಮಧ್ಯೆ ಬರುವುದಿಲ್ಲ.

ಇಂತಿ ನಿನ್ನ ಅಣ್ಣ,
ಡಂಗುರ

ಮರೆತಿದ್ದು: ಕಾಗದವನ್ನು ಲಕೋಟೆಗೆ ಹಾಕುವ ಮೊದಲು ದೊರೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕಣ್ಣಿನಲ್ಲೇ, ಇಲ್ಲಿಡು ಎಂದ. ಹಲಗೆಯ ಮೇಲೆ ಹರಡಿದೆ. ತಾನೇ ಓದಿದ, ಮೊದಲಿಂದ ಕೊನೆವರೆಗೆ. ಆಮೇಲೆ ಗೆಣ್ಣು ಎತ್ತಿದ. "ಎಡಕ್ಕೆ ಅಲ್ಲ. ಮೇಲೆ. ನೀನು ನೋಡಿದೆ."

ನೋಡಿದ್ದೆ. ಅವನ ಕಣ್ಣು ಮೂರು ಸಲ ಮೇಲೆ ಹೋದವು. ಕಿಟಕಿ ನನ್ನ ಬೆನ್ನ ಹಿಂದಿತ್ತು. ಅದರ ಹಿಂದಿನ ವಾರವೇ ಮಂಡಳಿ ಮುಚ್ಚಿ, ಕಿರೀಟ ಗಡ್ಡಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿ ಬಂದಿದ್ದೆ. ಅವನೂ ಹೋಗಿಬಿಟ್ಟಿದ್ದರೆ ನನಗೆ ಆಡಲು ಒಂದು ಪಾತ್ರವೂ ಉಳಿಯುತ್ತಿರಲಿಲ್ಲ. ಮೇಲೆ ಬರೆದ ಸುಳ್ಳನ್ನು ಹೊಡೆದುಹಾಕುವುದಿಲ್ಲ. ಇವತ್ತು ಬೆಳಿಗ್ಗೆಯೂ ನಾನು ಎಷ್ಟು ಸರಾಗವಾಗಿ ಅದನ್ನು ಆಡಬಲ್ಲೆ ಎಂದು ನಿನಗೆ ಗೊತ್ತಿರಲಿ.

ಇನ್ನು ಮುಂದಿನದು ಅವನದು. ಯಂತ್ರದಲ್ಲಿ ಇದ್ದಂತೆಯೇ ನಕಲು ಮಾಡಿದ್ದೇನೆ. ಒಂದು ಅಕ್ಷರವನ್ನೂ ಸೇರಿಸಿಲ್ಲ, ನುಂಗಿಲ್ಲ. ಅವನು ನನ್ನ ಕೈಯನ್ನೇ ನೋಡುತ್ತಿದ್ದಾನೆ.

ಅಕ್ಕ ಭಾನುವಾರ ಫೋನ್ ಮಾಡು. ಅಣ್ಣ ಹೊರಗೆ ಇರ್ತಾನೆ. ನಾನು ನಿಧಾನ. ಫೋನ್ ಇಡಬೇಡ.