ಮೂರನೆಯ ದಿನದ ಹಾಲು

ಹುಮನಾಬಾದ
ಡಿಸೆಂಬರ್ ೧೨, ೧೯೩೮

ಪ್ರೀತಿಯ ಮಗ ಏಕನಾಥನಿಗೆ ಅವ್ವನ ಆಶೀರ್ವಾದಗಳು.

ನೀನೂ ಕಮಳಾಬಾಯಿಯೂ ಹೇಗಿದ್ದೀರಿ? ಕಲ್ಯಾಣದ ಚಳಿ ನಿನ್ನ ಎದೆಗೆ ಆಗಿಬರುವುದಿಲ್ಲ, ಕಂಬಳಿ ಹೊದೆಯದೆ ಹೊರಗೆ ಹೋಗಬೇಡ. ಸೊಸೆ ಎರಡು ಹೊತ್ತು ಉಣ್ಣುತ್ತಾಳೋ ಇಲ್ಲವೋ ನೀನು ಬರೆದಿಲ್ಲ. ಅವಳು ಉಣ್ಣದಿದ್ದರೆ ನೀನೂ ಉಣ್ಣದೆ ಕೂಡು, ಆಗ ಉಣ್ಣುತ್ತಾಳೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹಟಮಾರಿ ಎತ್ತಿನಂತೆ ಕೂತಲ್ಲಿಂದ ಏಳುವುದಿಲ್ಲ. ಪ್ರಾರ್ಥನೆಗೆಂದು ಊರಿದರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು.

ನಿನ್ನ ಕಾಗದ ಓದಿದೆ. ಕ್ರಿಸ್‌ಮಸ್ ಮುಗಿದ ಮೇಲೆ ಬೋಧಕನ ಕೆಲಸ ಬಿಟ್ಟು ಹತ್ತಿ ಗಿರಣಿ ಸೇರುತ್ತೇನೆ ಎಂದಿದ್ದೀ. ಬೇಡಿದರೆ ದೇವರು ಕೊಡುತ್ತಾನೆಂದು ಜನರೆದುರು ಹೇಳಲು ಬಾಯಿ ಬರುವುದಿಲ್ಲ ಎಂದಿದ್ದೀ. ದಸರೆಗೆ ಅಜ್ಜಿಯ ಮನೆಗೆಂದು ಬಂದ ನಿನ್ನ ಮಗಳು ಸಾರಾ ಜ್ವರದಲ್ಲಿ ನನ್ನ ತೊಡೆಯ ಮೇಲೆಯೇ ಹೋದಳು. ಜ್ವರ ಏರಿದ ಸುದ್ದಿ ಕೇಳಿಯೇ ನೀನು ಓಡಿ ಬಂದು, ಇಡೀ ಸಭೆಯನ್ನು ಕೂಡಿಸಿ, ಗಂಟಲು ಹರಿಯುವಂತೆ ಪ್ರಾರ್ಥಿಸಿದ್ದೆ. ಆತ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ನನ್ನನ್ನು ಕೇಳಿದ್ದೀ. ನನಗೆ ಗೊತ್ತಿಲ್ಲ ಮಗನೇ. ಗೊತ್ತಿದೆ ಎನ್ನುವವರು ಯಾರಾದರೂ ಮನೆಗೆ ಬಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಬೇಗ ಕಳಿಸಿಬಿಡು.

ಇನ್ನು ನೀನು ಸಿಟ್ಟಾಗುವ ಸುದ್ದಿ. ಸಾರಾಳನ್ನು ಮಣ್ಣು ಮಾಡಿದ ಮೂರನೆಯ ದಿನ ನಸುಕಿನಲ್ಲಿ, ನೀವಿಬ್ಬರೂ ಏಳುವ ಮೊದಲು, ನಾನು ಬಟ್ಟಲಲ್ಲಿ ಹಾಲು ಹಿಡಿದು ಅವಳ ಗೋರಿಗೆ ಹೋಗಿದ್ದೆ. ದೀಕ್ಷಾಸ್ನಾನವಾಗಿ ಎಷ್ಟೋ ವರ್ಷವಾಯಿತು, ಆದರೂ ನಮ್ಮ ಹಿರಿಯರ ರೂಢಿಯನ್ನು ಕೈ ಮರೆತಿಲ್ಲ. ಹಸಿದ ಕೂಸಿಗೆ ಕುಡಿಸುವಂತೆ ಆ ಮಣ್ಣಿಗೆ ಎರೆದೆ. ತಪ್ಪು ಎನ್ನುವುದಾದರೆ ಅನ್ನು, ನಾನು ಒಪ್ಪುವುದಿಲ್ಲ. ಪ್ರತಿ ವರ್ಷ ಈಸ್ಟರಿಗೆ ನೀನೇ ಹೇಳುತ್ತಿದ್ದೆಯಲ್ಲ, ಮೂರನೆಯ ದಿನ ನಸುಕಿನಲ್ಲಿ ಹೆಂಗಸರು ಸುಗಂಧ ಹಿಡಿದು ಯೇಸುವಿನ ಗೋರಿಗೆ ಹೋದರೆಂದು. ಅವರನ್ನು ಯಾರೂ ಸಭೆಯ ಮುಂದೆ ನಿಲ್ಲಿಸಿ ಬೈಯಲಿಲ್ಲ.

ತಿರುಗಿ ನೋಡಿದರೆ ಹಿಂದೆ ಗಂಗುಬಾಯಿ ನಿಂತಿದ್ದಳು, ಮಾಣಿಕನಗರದ ಕಡೆ ಕೂಲಿಗೆ ಹೊರಟವಳು. ಹೋದ ವರ್ಷ ನೀನು ಇಲ್ಲಿ ಬೋಧಕನಾಗಿದ್ದಾಗ ಹಾವು ಕಚ್ಚಿ ಅವಳ ಒಬ್ಬನೇ ಮಗ ಪಂಡರಿ ಸತ್ತ. ಅವನ ಗೋರಿಗೆ ಹಾಲು ಎರೆದಳೆಂದು ನೀನು ಅವಳನ್ನು ಸಭೆಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಹೊರಗಿಟ್ಟೆ. ನಾನು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ದೀಪದ ಬುಡದಲ್ಲೇ ಕತ್ತಲೆ ಎಂದು ಇನ್ನು ಊರೆಲ್ಲ ಆಡಿಕೊಳ್ಳುತ್ತದೆ ಅಂದುಕೊಂಡೆ. ಆದರೆ ಅವಳು ಪಕ್ಕದಲ್ಲಿ ಕೂತು, ಬಟ್ಟಲು ಇಸಿದುಕೊಂಡು, ಉಳಿದ ಹಾಲನ್ನು ತಾನೇ ಎರೆದು, ಕರ್ತನ ಪ್ರಾರ್ಥನೆ ಹೇಳತೊಡಗಿದಳು. ಅವಳೊಬ್ಬಳೇ ಮುಗಿಸಿದಳು.

ನೀನು ಅವಳಿಗೆ ಬೇಡವೆಂದದ್ದು ಭೋಜನ ಮಾತ್ರ. ಅವಳು ಒಳಗೆ ಬರಲೇ ನಾಚಿ, ಅಂದಿನಿಂದ ಪ್ರತಿ ಭಾನುವಾರ ನಮ್ಮ ಪ್ರಾರ್ಥನೆಯ ಗುಡಿಯ ಹೊಸ್ತಿಲಾಚೆ ಕೂಡುತ್ತಿದ್ದಳು. ಮಳೆಯಿರಲಿ ಬಿಸಿಲಿರಲಿ ತಪ್ಪಿಸಿದವಳಲ್ಲ. ಆ ದಿನ ಮನೆಗೆ ಬರುವ ದಾರಿಯಲ್ಲಿ ಕೇಳಿದೆ, ದೇವರು ನಿನ್ನ ಮಗನನ್ನು ಉಳಿಸಲಿಲ್ಲ, ನನ್ನ ಮಗ ನಿನ್ನನ್ನು ಹೊರಗಿಟ್ಟ, ಆದರೂ ಯಾಕೆ ಬರುತ್ತೀ ಎಂದು. "ಸಿಟ್ಟ ಭಾಳ ಅದರಿ ಅವ್ವಾರ. ಸಿಟ್ಟಿನಾಗೇ ಬರಾಕತ್ತೇನಿ. ಜಗಳಾ ಆಡಬೇಕಂದ್ರೂ ಆತನ ಮನೀಗೇ ಬರಬೇಕಲ್ರಿ, ಮತ್ತ ಯಾರ ಮುಂದ ಅಳಲಿ?" ಎಂದಳು. ಈಗ ನಾನೂ ಜೋಳ ಬೀಸುವಾಗ ಆತನೊಡನೆ ಜಗಳಕ್ಕೆ ಬೀಳುತ್ತೇನೆ. ಬಾಯಿಗೆ ಬಂದದ್ದೆಲ್ಲ ಅನ್ನುತ್ತೇನೆ. ಇದರಿಂದ ಮನಸ್ಸು ಹಗುರವಾಯಿತೆಂದು ಸುಳ್ಳು ಬರೆಯುವುದಿಲ್ಲ. ಸಾರಾಳ ಕುಬುಸ ಗೂಟಕ್ಕೆ ಹಾಗೆಯೇ ಇದೆ, ಕಂಡಾಗಲೆಲ್ಲ ಅಳುತ್ತೇನೆ. ಆದರೆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಅನ್ನಿಸುವುದಿಲ್ಲ. ನನ್ನಲ್ಲಿ ಉಳಿದ ನಂಬಿಕೆ ಇಷ್ಟೇ.

ಸೊಸೆಯ ತಲೆ ಸವರಿ ನನ್ನ ಆಶೀರ್ವಾದ ಹೇಳು. ಕರ್ತನು ನಿಮ್ಮಿಬ್ಬರನ್ನೂ ಕಾಯಲಿ. ಕಾಯದಿದ್ದರೆ ನಾನು ಕೇಳದೆ ಬಿಡುವುದಿಲ್ಲ.

ನಿನ್ನ ಅವ್ವ,
ಜಿಜಾಬಾಯಿ

ತಾ.ಕ.: ಶರಣಪ್ಪನ ಬಂಡಿ ಕಲ್ಯಾಣಕ್ಕೆ ಹೊರಟು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗಂಗುಬಾಯಿ ಹಾಸಿಗೆ ಹಿಡಿದಿದ್ದಾಳೆ, ಉಳಿಯುವುದಿಲ್ಲ ಎನ್ನುತ್ತಾರೆ. ಇಲ್ಲಿಯ ಬೋಧಕರು ಹೋದರೆ ಬೇಡವೆಂದಳು, ನೀನೇ ಬೇಕಂತೆ. ಅವನಿಗೆ ಈಗ ನಂಬಿಕೆಯೇ ಉಳಿದಿಲ್ಲ ಎಂದು ನಾನು ಹೇಳಿಬಿಟ್ಟೆ. "ಇರಲಿ ಬಿಡ್ರಿ ಅವ್ವಾರ. ಅವರು ಸುಮ್ಮ ನನ್ನ ಕೈ ಹಿಡಕೊಂಡು ಕೂಡಲಿ. ಇಬ್ಬರದೂ ಪ್ರಾರ್ಥನಾ ನಾ ಮಾಡ್ತೀನಿ" ಎಂದಳು. ಇದೇ ಬಂಡಿ ಮರಳುವಾಗ ಅದರಲ್ಲೇ ಹೊರಟು ಬಾ.