ಅದು ಸಾಮಾಯಿಕ ಅಲ್ಲ

ಚಿಕ್ಕೋಡಿ ಹಾಸ್ಟೆಲ್

ಪಪ್ಪಾ,

ಹೀಗೆ ಕಾಗದ ಬರೆಯುತ್ತಿರುವುದಕ್ಕೆ ಸಾರಿ. ಫೋನ್ ಮಾಡಿದರೆ ಮಮ್ಮಿ ಸ್ಪೀಕರ್ ಹಾಕುತ್ತಾಳೆ.

ನಾನು ದಿನಾ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ ಕೂರುವುದನ್ನು ಮಮ್ಮಿ ನಮ್ಮ ಜೈನರ ಸಾಮಾಯಿಕ ಧ್ಯಾನ ಅಂದುಕೊಂಡಿದ್ದಾಳೆ. "ಹಾಸ್ಟೆಲ್‌ನ್ಯಾಗ ಇದ್ದರೂ ನಮ್ಮ ಮಯೂರಿ ಧರ್ಮ ಬಿಟ್ಟಿಲ್ಲ ನೋಡ್ರಿ" ಎಂದು ದಿಗ್ಗೇವಾಡಿಯ ಬಸದಿಯಲ್ಲೆಲ್ಲ ಹೇಳಿದ್ದಾಳೆ. ರವಿವಾರ ಅಲ್ಲಿ ನನಗೆ ಸತ್ಕಾರವಂತೆ.

ಪಪ್ಪಾ, ಅದು ಟ್ರೀಟ್‌ಮೆಂಟ್. ಕಾಲೇಜಿಗೆ ಸೇರಿದಾಗಿನಿಂದ, ಯಾರೂ ಇಲ್ಲದಾಗ ಯಾರೋ ನನ್ನ ಹೆಸರು ಕರೆಯುವುದು ಕೇಳಿಸುತ್ತದೆ. ನಿಪ್ಪಾಣಿಯ ಡಾಕ್ಟರ್ ಮ್ಯಾಡಮ್, "ಇನ್ನೂ ರೋಗ ಆಗಿಲ್ಲವ್ವಾ, ಆಗಬಾರದಂತ ಈಗನ ಹಿಡದೇವಿ" ಅಂದರು. ಅಲ್ಲಿ ನನ್ನ ವಯಸ್ಸಿನವರದೇ ಮೈಂಡ್‌ಫುಲ್‌ನೆಸ್ ಗ್ರೂಪ್ ಇದೆ. ಧ್ವನಿ ಬಂದರೆ ಅದರ ಜೊತೆ ಜಗಳಾಡದೆ, ಬಂತು, ಹೋಯಿತು ಎಂದು ಸುಮ್ಮನೆ ನೋಡಲು ಕಲಿಸುತ್ತಾರೆ. ಸ್ವಲ್ಪ ಹೆಲ್ಪ್ ಆಗುತ್ತಿದೆ.

ಸತ್ಕಾರ ಮಾತ್ರ ನಿಲ್ಲಿಸಿ. ಅಷ್ಟು ಜನ ನನ್ನನ್ನೇ ನೋಡಿದರೆ ನನಗೆ ತಡೆಯಲಾಗುವುದಿಲ್ಲ. ಗುರುವಾರ ನಿಪ್ಪಾಣಿಗೆ ಬನ್ನಿ, ಮ್ಯಾಡಮ್ ನಿಮ್ಮ ಹತ್ತಿರ ಮಾತನಾಡಬೇಕಂತೆ. ಮಮ್ಮಿಗೆ ಆಮೇಲೆ ಇಬ್ಬರೂ ಕೂಡಿ ಹೇಳೋಣ.

ಇದನ್ನು ಊರಿಗೆ ಹೊರಟಿರುವ ಶ್ರೇಣಿಕ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನನ್ನು ಕರೆಯುವ ಆ ಧ್ವನಿ ನಿಮ್ಮದೇ, ಪಪ್ಪಾ. ಅದಕ್ಕೇ ಫೋನ್ ಬೇಡ. ಬರೆದು ಕೊಟ್ಟರೆ ನೀವೇ ಎಂದು ಗೊತ್ತಾಗುತ್ತದೆ. ಪ್ಲೀಸ್, ಬೇಗ ಉತ್ತರ ಬರೆಯಿರಿ.

ನಿಮ್ಮ
ಮಯೂರಿ