ದೊರೆಸಾನಿಯ ತವರು

೧೪ ನವೆಂಬರ್ ೧೯೯೬, ಗುರುವಾರ. ದುಖಾನ್, ಕತಾರ್.

ಮಗಳು ಶಿಲ್ಪಾಳ ಶಾಲೆಯ ಪಾಠ ತಲೆಯಿಂದ ಹೋಗುತ್ತಿಲ್ಲ. ಎಂಟುನೂರು ವರ್ಷಗಳ ಹಿಂದೆ ಜರ್ಮನಿಯ ದೊರೆಸಾನಿಯೊಬ್ಬಳು ಸಂಬಂಧಿಕನನ್ನೇ ಮದುವೆಯಾಗಿದ್ದಳಂತೆ. ಗಂಡುಮಗು ಹುಟ್ಟಲಿಲ್ಲ. ಆಗ ಗಂಡನಿಗೆ ಆ ರಕ್ತಸಂಬಂಧ ಒಮ್ಮೆಲೇ ಪಾಪವಾಗಿ ಕಂಡಿತು. ಮದುವೆಯೇ ಸಲ್ಲದೆಂದು ಅವಳನ್ನು ಬಿಟ್ಟ.

ಹೋದ ತಿಂಗಳು ಮಗಳು ಇದನ್ನು ಓದುವಾಗ ಮಾಮಾ ಎಣ್ಣೆಬಾವಿಯ ಫೀಲ್ಡಿನಿಂದ ಬಂದು ಚಹಾ ಕುಡಿಯುತ್ತಿದ್ದರು. "ನಮ್ಮದೂ ಇದ ಕತಿ. ದೋಹಾದ ಡಾಕ್ಟರ್ ಹೇಳಿದ್ದೂ ಇದನ್ನ. ಇನ್ನೊಂದು ಮದುವಿ ವಿಚಾರ ಮಾಡಬೇಕಾಗ್ತದ," ಎಂದರು. ನಾನು ಕಳೆದುಕೊಂಡ ಎರಡು ಬಸಿರಿಗೆ ಈಗ ಅವರ ಬಳಿ ಕಾರಣವಿದೆ. ಹದಿನೇಳಕ್ಕೆ ನನ್ನನ್ನು ಕಟ್ಟಿಕೊಳ್ಳುವಾಗ, "ಅಕ್ಕನ ಮಗಳನ್ನ ಹೊರಗ ಯಾಕ ಕೊಡಬೇಕು" ಎಂದವರೂ ಇವರೇ.

ಅವ್ವನಿಗೆ ಪತ್ರ ಬರೆದಿದ್ದೆ. "ಅಂವ ನನ್ನ ಬೆನ್ನಿಗೆ ಬಿದ್ದ ತಮ್ಮ, ನೀನ ಸುಧಾರಿಸ್ಕೊಂಡು ಹೋಗು" ಎಂದು ಉತ್ತರ ಬಂತು. ಅತ್ತೆಯೆಂದರೆ ನನ್ನ ಅಜ್ಜಿಯೇ. ಅವಳೂ ಮಗನ ಕಡೆ.

"ಮುಂದೆ ದೊರೆಸಾನಿ ಏನು ಮಾಡಿದಳು?" ಎಂದು ಇವತ್ತು ಮಗಳನ್ನು ಕೇಳಿದೆ.

"ಫಾದರ್ ಮನೆಗೆ ವಾಪಸ್ ಹೋದ್ಳು, ಮಮ್ಮಿ."

ಪುಣ್ಯವಂತೆ. ನನ್ನ ತವರು ಇವರಿಗೂ ಅಕ್ಕನ ಮನೆ. ನಾನು ಪೆಟ್ಟಿಗೆ ಹಿಡಿದು ಹೋಗಿ ನಿಂತರೆ, ಬಾಗಿಲು ತೆಗೆದ ಅವ್ವ ಮೊದಲು ನೋಡುವುದು ನನ್ನ ಹಿಂದೆ ತನ್ನ ತಮ್ಮ ಬಂದಿದ್ದಾನೋ ಎಂದು.